ಅವನು ವಾಪಸ್ ಕಳಿಸಿದ ಡಬ್ಬಿ

"ಈ ಸ್ಯಾಂಪಲ್ ಪರೀಕ್ಷೆಗೆ ಹಾಕಲ್ಲ, ಸಿಸ್ಟರ್. ವಾಪಸ್ ತಗೊಂಡು ಹೋಗಿ!"

ಲ್ಯಾಬಿನ ಕಿಟಕಿಯಾಚೆ ನಿಂತವನು ಪುಟ್ಟ ಡಬ್ಬಿಯನ್ನು ಅವಳತ್ತ ತಳ್ಳಿದ. ಎರಡು ವರ್ಷದಿಂದ ಫೋನಿನಲ್ಲಿ ರಿಪೋರ್ಟ್ ಓದುತ್ತಿದ್ದ ಧ್ವನಿ ಇದೇ. ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮುಖ ನೋಡಿದ್ದು ಇವತ್ತೇ... ಇಂಥಾ ಕಲ್ಲು ಮನಸ್ಸಿನವನಾ ಇವನು?

"ಐಸಿಯುನಲ್ಲಿ ಮಲಗಿರೋದು ನಮ್ಮಪ್ಪ ಕಣ್ರೀ! ನ್ಯುಮೋನಿಯಾ. ಎರಡು ದಿನದಿಂದ ಆಂಟಿಬಯೋಟಿಕ್ ಹೋಗ್ತಿದೆ, ಜ್ವರ ಇಳೀತಿಲ್ಲ. ನಿಮ್ಮ ಹೊಸ ಮಷೀನು ಒಂದೇ ಗಂಟೇಲಿ ಯಾವ ರೋಗಾಣು ಅಂತ ಹೇಳುತ್ತಲ್ಲ, ಹಾಕೋಕೆ ನಿಮಗೇನು ಕಷ್ಟ?"

"ಹಾಕಿದ್ರಲ್ಲಿ ಇರೋದನ್ನ ತಾನೇ ಅದು ಹೇಳೋದು? ಇದು ಬಾಯಿಯ ಉಗುಳು. ಶ್ವಾಸಕೋಶದ ಕಫ ಅಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹತ್ತು ವರ್ಷ ಐಸಿಯುನಲ್ಲಿ ದುಡಿದ ನರ್ಸಿಗೇ ಪಾಠ ಹೇಳ್ತಾನೆ! ಡಬ್ಬಿ ಕಿತ್ತುಕೊಂಡು ಹೊರಟಳು.

ಮೆಟ್ಟಿಲ ತಿರುವಿನಲ್ಲಿ ಕಾಲು ನಿಂತುಬಿಟ್ಟಿತು. ಅವನು ಹೇಳಿದ್ದು ನಿಜ... ಕಫ ತೆಗೆಯಲು, ಬಾಯಿಗೆ ಹಾಕಿದ್ದ ಉಸಿರಿನ ನಳಿಕೆಯೊಳಗೆ ಸಣ್ಣ ಟ್ಯೂಬ್ ಇಳಿಸಿದಾಗ ಅಪ್ಪ ಒದ್ದಾಡಿಬಿಟ್ಟಿದ್ದರು. ಬೇರೆ ಯಾರೇ ಆಗಿದ್ದರೂ ಆಳಕ್ಕೆ ಇಳಿಸುತ್ತಿದ್ದ ಕೈ, ಅಪ್ಪನ ಕಣ್ಣೀರು ಕಂಡು ಹಿಂದೆ ಸರಿದಿತ್ತು. ಬಾಯಲ್ಲಿ ಸಿಕ್ಕಷ್ಟನ್ನೇ ತುಂಬಿ ತಂದಿದ್ದಳು. ಅಯ್ಯೋ, ಪಾಪಿ ನಾನು!

ಐಸಿಯುಗೆ ಬಂದರೆ ಹಿಂದೆಯೇ ಅವನೂ ಬಂದಿದ್ದ.

"ನೀವು ಅಪ್ಪನ ಕೈ ಹಿಡ್ಕೊಳ್ಳಿ, ಸಾಕು. ಕಫ ಬೇರೆ ಸಿಸ್ಟರ್ ತೆಗೀತಾರೆ," ಎಂದ ಮೆಲ್ಲಗೆ.

ಹೊಸದಾಗಿ ತೆಗೆದ ಕಫ ಮಷೀನಿಗೆ ಹೋಯಿತು. ಆ ಒಂದು ಗಂಟೆ ಒಂದು ಯುಗವಾಯಿತು. ರಿಪೋರ್ಟ್ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. ಇಷ್ಟು ದಿನ ಕೊಟ್ಟ ಔಷಧಿಗೆ ಬಗ್ಗುವ ರೋಗಾಣುವೇ ಅಲ್ಲ ಅದು! ಕೂಡಲೇ ಔಷಧಿ ಬದಲಾಯಿಸಿದರು.

ಆದರೂ ಆ ದಿನ ಜ್ವರ ಇಳಿಯಲಿಲ್ಲ. ಮರುದಿನವೂ ಇಲ್ಲ. ತಡವಾಗಿಬಿಟ್ಟಿತಾ... ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಮೂರನೆಯ ದಿನ ಬೆಳಿಗ್ಗೆ ಅಪ್ಪನ ಹಣೆ ತಣ್ಣಗಿತ್ತು! ಲ್ಯಾಬಿಗೆ ಓಡಿದಳು.

"ನಮ್ಮಪ್ಪ ಅಂತ ಗೊತ್ತಾದ್ಮೇಲೂ ವಾಪಸ್ ಕಳಿಸೋಕೆ ಹೇಗ್ರೀ ಮನಸ್ಸು ಬಂತು?"

"ಬರ್ಲಿಲ್ಲ. ಆದ್ರೆ ಆ ಉಗುಳು ನೋಡಿ ನಾನು ತಪ್ಪು ರಿಪೋರ್ಟ್ ಕೊಟ್ಟು, ನೀವು ಅಪ್ಪನ್ನ ಕಳ್ಕೊಂಡಿದ್ರೆ... ಆಮೇಲೆ ನಿಮ್ಮ ಮುಖ ನಾನು ಹೇಗೆ ನೋಡ್ಲಿ?"

ಅವಳ ಕಣ್ಣು ತುಂಬಿ ಬಂತು. ಅವನು ತಲೆ ತಗ್ಗಿಸಿದ.

"ಅಪ್ಪನ ಬಾಯಿಂದ ಆ ನಳಿಕೆ ಯಾವಾಗ ತೆಗೀತಾರೆ? ಅವರ ಹತ್ರ ಒಂದು ಮಾತು ಕೇಳೋದಿದೆ."

"ಅಪ್ಪನ್ನ ಯಾಕೆ? ನನ್ನನ್ನೇ ಕೇಳಿ!"

"ಕೇಳಿದ್ರೆ...?"

"ಹ್ಞೂಂ ಅಂತೀನಿ. ಆದ್ರೆ ಅಪ್ಪ ಎದ್ದು ಕೂತ್ಮೇಲೆ, ಅವರೆದುರಿಗೆ ಇನ್ನೊಂದ್ಸಲ ಕೇಳ್ಬೇಕು."