ಪೆಡಲ್ ಮೇಲಿನ ವಿಭೂತಿ

"ಪ್ಲಗ್ ಯಾಕ ತೆಗದ್ರಿ?"

ಭಾಗ್ಯಜ್ಯೋತಿಯ ದನಿಗೆ ಕಾಂತೇಶ ಬೆಚ್ಚಿ ತಿರುಗಿದ. ಕೈಯಲ್ಲಿ ಡಿಜಿಟಲ್ ಪಿಯಾನೋದ ವೈರು ಇತ್ತು. ಪಿಯಾನೋದ ಮೇಲಿನ ಸಣ್ಣ ಹಸಿರು ದೀಪ ಆರಿಹೋಗಿತ್ತು.

"ಗುಂಯ್ ಅಂತಿತ್ತಲ್ರೀ ಮೇಡಂ... ಬಿಚ್ಚಿ ನೋಡಾಕ ಬಂದ್ ಮಾಡಬೇಕಾಗ್ತೈತಿ."

ಆಕೆ ಗೋಡೆಗೆ ಒರಗಿದಳು. ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ನನ್ನ ಗಂಡನನ್ನು ಈ ಮನುಷ್ಯ ಇನ್ನೊಂದು ಸಾರಿ ಸಾಯಿಸಿಬಿಟ್ಟ ಅಂತ ಮಾತ್ರ ಅನ್ನಿಸಿತು.

ಪಿಯಾನೋ ಆಕೆಯ ಗಂಡ ಬಸವಪ್ರಸಾದನದು. ತೆಲಂಗಾಣ ರಾಜ್ಯ ಬಂದ ವರ್ಷ ನಾರಾಯಣಪೇಟೆಯಲ್ಲಿ ಸಭೆ, ಮೆರವಣಿಗೆ, ಹಾಡಿನ ಕಾರ್ಯಕ್ರಮ ಒಂದರ ಹಿಂದೆ ಒಂದು. ಎಲ್ಲದಕ್ಕೂ ನುಡಿಸಲು ಅವನೇ ಬೇಕು. ಆ ಸಂಭ್ರಮದಲ್ಲೇ ಹೈದರಾಬಾದಿನಿಂದ ಇದನ್ನು ತಂದಿದ್ದ. ಮುಂದಿನ ಮಳೆಗಾಲದಲ್ಲಿ ಗದ್ವಾಲಕ್ಕೆ ಹೊರಡುವ ಮುಂಚೆ ಹೆಂಡತಿಗಾಗಿಯೇ ಒಂದು ನಾದ ಕೂಡಿಸಿಟ್ಟ. ಪಿಯಾನೋದ ಹಿಂದೆ ತೆಳ್ಳಗೆ ಪಿಟೀಲು, ಬೆರಳು ಎತ್ತಿದ ಮೇಲೂ ಸ್ವರ ಉಳಿಯುವಂತೆ ಒಂದಿಷ್ಟು ಗುಂಗು. ಬಂದ್ ಮಾಡಿದರೆ ಅಳಿಸಿಹೋಗುತ್ತದೆ, ಬಂದು ಸೇವ್ ಮಾಡ್ತೀನಿ, ಹಂಗೇ ಇರಲಿ ಅಂದಿದ್ದ.

ಬರಲಿಲ್ಲ. ದಾರಿಯಲ್ಲಿ ಜೀಪು ಮಗುಚಿತು.

ಸೇವ್ ಮಾಡುವುದು ಆಕೆಗೆ ಗೊತ್ತಿರಲಿಲ್ಲ, ಬೇರೆಯವರ ಕೈಗೆ ಕೊಡಲು ಧೈರ್ಯವೂ ಇರಲಿಲ್ಲ. ಇನ್ವರ್ಟರ್ ಹಾಕಿಸಿ, ಆ ಹಸಿರು ದೀಪ ಆರದಂತೆ ಕಾದುಕೊಂಡು ಬಂದಳು. ದಿನಾ ಒಂದೆರಡು ಸ್ವರ ನುಡಿಸಿ ಕೇಳುವುದು. ಆಕೆಯ ಪಾಲಿಗೆ ಸಂಸಾರ ಅಂತ ಉಳಿದದ್ದು ಅಷ್ಟೇ.

ಪಿಯಾನೋದ ಗುಂಯ್ ಶಬ್ದಕ್ಕೆ ಹೆದರಿದ ಅತ್ತೆ ಶಿವಬಸಮ್ಮ, ಸೊಸೆ ಪೇಟೆಗೆ ಹೋದಾಗ ಮಕ್ತಲಿನಿಂದ ಕಾಂತೇಶನನ್ನು ಕರೆಸಿದ್ದಳು. ಅಲ್ಲಿ ಅವನದು ಮೈಕು, ಕೀಬೋರ್ಡು ರಿಪೇರಿ ಅಂಗಡಿ. ವರ್ಷಗಟ್ಟಲೆ ಸ್ಟೇಜಿನ ಸ್ಪೀಕರ್ ಪಕ್ಕ ಕೂತು ಬಲಗಿವಿ ಕೆಟ್ಟಿತ್ತು. ಅದೇ ಕಾರಣಕ್ಕೆ ಹೆಣ್ಣು ಕೊಡುವವರೂ ಹಿಂದೆ ಸರಿದಿದ್ದರು. ಉಳಿದ ಎಡಗಿವಿಯೇ ಅವನ ಅನ್ನ.

ಶಿವಬಸಮ್ಮನಿಂದ ಕಥೆ ಕೇಳಿ ಅವನ ಮುಖ ಇಳಿದುಹೋಯಿತು.

"ನಾ ಕಳದಿದ್ದು ನಾನ ಹುಡುಕಿ ಕೊಡ್ತೀನ್ರಿ," ಅಂದ.

ಆಮೇಲೆ ಪ್ರತಿ ಭಾನುವಾರ ಬಂದ. ಗುಂಗು ಹೆಚ್ಚಿಸಿದ, ಇಳಿಸಿದ. ಪಿಟೀಲು ಬದಲಿಸಿದ. ದೊಡ್ಡ ಸಭಾಂಗಣದಂತೆ, ಸಣ್ಣ ಕೋಣೆಯಂತೆ, ಬೇರೆ ಬೇರೆ ಥರ ಕೇಳಿಸಿದ. ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದಳು. ಇದಲ್ಲ. ಇದೂ ಅಲ್ಲ.

ಮೊದಮೊದಲು ಆಕೆಗೆ ಅವನ ಮುಖ ನೋಡಿದರೇ ಸಿಟ್ಟು. ಎಷ್ಟು ಸಲ ಅಲ್ಲ ಅಂದರೂ ಬೇಸರಿಸದೆ ಮತ್ತೆ ತಲೆ ತಗ್ಗಿಸಿ ಕೂರುವವನ ಮೇಲೆ ಎಷ್ಟು ದಿನ ಅಂತ ಸಿಟ್ಟು ಮಾಡುವುದು? ಚಹಾ ಕೊಟ್ಟಳು. ಮಾತು ಬೆಳೆಯಿತು.

ಒಂದು ಭಾನುವಾರ ಅವನು ಪೆಡಲ್ ಒತ್ತಿ ನುಡಿಸುತ್ತಿದ್ದಾಗ ಶಿವಬಸಮ್ಮ ಗದರಿದಳು.

"ತಮ್ಮಾ, ಅದಕ್ಕ ಕಾಲು ಹಚ್ಚಬ್ಯಾಡಪ. ಆಯುಧ ಪೂಜಿಗೆ ವಿಭೂತಿ ಹಚ್ಚೀನಿ. ನನ್ನ ಮಗನೂ ಒಂದಿನ ತುಳದಿಲ್ಲ."

ಕಾಂತೇಶನ ಕೈ ನಿಂತಿತು. ಪೆಡಲ್ ಮೇಲಿನ ಬಿಳಿ ಗೆರೆಗಳನ್ನು ಧೂಳು ಅಂತ ತಿಳಿದು ಅವನೇ ಮೊದಲ ದಿನ ಒರೆಸಿಹಾಕಿದ್ದ! ಪಿಯಾನೋ ನುಡಿಸುವವರು ಪೆಡಲ್ ಒತ್ತಿಯೇ ಸ್ವರ ಎಳೆಯುತ್ತಾರೆ ಅಂದುಕೊಂಡು ಇಷ್ಟು ದಿನ ತಪ್ಪು ದಾರಿ ಹಿಡಿದಿದ್ದ. ತಾಯಿಯ ಮಾತು ಮೀರದ ಮಗ, ಕಾಲು ಹಚ್ಚದೆ ಆ ಎಳೆತ ತಂದಿದ್ದಾದರೂ ಹೇಗೆ? ಬರೀ ಗುಂಗಿನಿಂದ.

ಪೆಡಲಿನ ಕೆಲಸವನ್ನೇ ಬಂದ್ ಮಾಡಿದ. ಗುಂಗನ್ನು ಉದ್ದ ಮಾಡಿ, ಪಿಟೀಲನ್ನು ಇಳಿಸಿ ನುಡಿಸಿದ.

ಭಾಗ್ಯಜ್ಯೋತಿಯ ಮೈ ಜುಮ್ಮೆಂದಿತು. ಅದೇ. ತಾನಾಗಿ ಕರಗಿಹೋಗುವ ಅದೇ ನಾದ. ಕಣ್ಣು ತುಂಬಿ ಹರಿಯಿತು.

"ಸಿಕ್ತೇನ್ರಿ?" ಕಾಂತೇಶ ಉಸಿರು ಬಿಗಿಹಿಡಿದು ಕೇಳಿದ.

ಹೌದು ಅಂದರೆ... ಇವನು ಚೀಲ ಎತ್ತಿಕೊಂಡು ಹೊರಡುತ್ತಾನೆ. ಮತ್ತೆ ಯಾವ ಭಾನುವಾರವೂ ಬರುವುದಿಲ್ಲ.

"ಇಲ್ರಿ... ಇದಲ್ಲ."

ಹೇಳಿದ್ದು ತಾನೇನಾ ಅಂತ ಆಕೆಗೇ ನಂಬಿಕೆಯಾಗಲಿಲ್ಲ. ಬಾಗಿಲಿಗೆ ಬಂದು ನಿಂತ ಗಂಡನನ್ನು ಯಾರೋ ಗೊತ್ತಿಲ್ಲ ಅಂದ ಹಾಗಾಯಿತು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆದರೂ ಮುಂದಿನ ಭಾನುವಾರ ತಲೆ ಬಾಚಿಕೊಂಡು ಬಸ್ಸಿನ ಸದ್ದಿಗೆ ಕಾದಳು. ಅವನು ಬಂದಾಗ ಸಂತೋಷ, ಹೋದಾಗ ಪಾಪದ ಭಾರ. ಎರಡನ್ನೂ ಹೊತ್ತುಕೊಂಡೇ ಮಳೆಗಾಲ ಕಳೆಯಿತು.

ಆಮೇಲೆ ಅವನು ಬರುವುದು ನಿಂತಿತು. ಶಿವಬಸಮ್ಮ ಫೋನ್ ಮಾಡಿ ವಿಚಾರಿಸಿದಳು. ಅಂಗಡಿ ಮುಚ್ಚಿ, ರಾಜೋಳಿಯಲ್ಲಿರುವ ಅಣ್ಣನ ಹೊಲಕ್ಕೆ ಹೋಗುತ್ತಾನಂತೆ. ಸರಿ ಅನ್ನಿಸಿದ್ದನ್ನೂ ಮೇಡಂ ಅಲ್ಲ ಅಂದರು, ಅಂದರೆ ಎಡಗಿವಿಯೂ ಕೆಟ್ಟಿತು, ಇನ್ನು ಮಂದಿಯ ಸಾಮಾನು ಹೇಗೆ ಮುಟ್ಟಲಿ ಅಂದನಂತೆ.

ಭಾಗ್ಯಜ್ಯೋತಿ ಮುಂದಿನ ಬಸ್ಸಿಗೇ ಮಕ್ತಲಿಗೆ ಹೊರಟಳು.

ಅಂಗಡಿ ಅರ್ಧ ಖಾಲಿಯಾಗಿತ್ತು. ಕಾಂತೇಶ ವೈರು ಸುತ್ತುತ್ತಾ ಕೂತಿದ್ದ. ಗಡ್ಡ ಬೆಳೆದಿತ್ತು. ಆಕೆ ಕುಳಿತುಕೊಳ್ಳಲೂ ಇಲ್ಲ.

"ನಿಮ್ಮ ಕಿವಿ ಸರಿ ಐತ್ರಿ. ಅತ್ತಿ ವಿಭೂತಿ ಮಾತು ಹೇಳಿದ ದಿನಾನ ಆ ನಾದ ಸಿಕ್ಕಿತ್ತು. ನಾನ ಸುಳ್ಳು ಹೇಳಿದೆ."

ಅವನು ವೈರು ಕೆಳಗಿಟ್ಟ.

"ಡಾಕ್ಟರಿಗೆ ತೋರಸಾಕೂ ಅಂಜಿ ಕುಂತೀನಿ ನಾ... ಯಾಕ್ರಿ ಹಂಗ ಮಾಡಿದ್ರಿ?"

"ಸಿಕ್ತು ಅಂದಿದ್ರ ನೀವು ಬರೂದು ನಿಲ್ಲಸ್ತಿದ್ರಿ."

ಅವನ ಮುಖದ ಸಿಟ್ಟು ಅಲ್ಲೇ ಕರಗಿತು. ಆಕೆ ತಲೆ ತಗ್ಗಿಸಿ ನಿಂತೇ ಇದ್ದಳು.

"ನಿಮ್ಮ ಯಜಮಾನ್ರನ್ನ ಬಿಟ್ಟು..." ಅಂತ ಶುರುಮಾಡಿ ಅವನು ಅರ್ಧಕ್ಕೆ ನಿಲ್ಲಿಸಿದ.

"ಬಿಟ್ಟಿಲ್ರಿ. ಬಿಡೂದೂ ಇಲ್ಲ. ಅದಕ್ಕ ಇಷ್ಟು ಅಳು ಬರ್ತೈತಿ."

"ಬಿಡಬ್ಯಾಡ್ರಿ," ಅಂದ ಕಾಂತೇಶ ಮೆಲ್ಲಗೆ. "ನೀವು ಅಲ್ಲ ಅಂದ್ರೂ ಅವತ್ತಿಂದು ನಾ ಸೇವ್ ಮಾಡಿಟ್ಟೀನಿ. ನೀವು ಅತ್ತಿದ್ರಲ್ಲ... ಅಳಿಸಾಕ ಕೈ ಬರಲಿಲ್ಲ."

ಭಾಗ್ಯಜ್ಯೋತಿ ಈಗ ಕುಳಿತಳು. ಕಣ್ಣೀರು ನಿಲ್ಲಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅವನು ಹೂಜಿಯಿಂದ ನೀರು ತಂದುಕೊಟ್ಟು ಎದುರಿಗೆ ಕೂತ.

"ಈ ಐತವಾರ ಬರ್ಲೇನ್ರಿ?"

"ರಿಪೇರಿಗೆ ಬರಬ್ಯಾಡ್ರಿ. ಅಣ್ಣಾರ್ನ ಕರ್ಕೊಂಡು, ಅತ್ತಿ ಹತ್ರ ಮಾತಾಡಾಕ ಬರ್ರಿ."

"ಅವ್ವಾರು ಒಪ್ಪಲಿಲ್ಲಂದ್ರ?"

"ಬೈತಾರ," ಅಂದಳು ಆಕೆ. "ಬೈಸ್ಕೊಳ್ಳಾಕ ಇನ್ನ ನಾವಿಬ್ರೂ ಇರ್ತೀವಲ್ರಿ."