ಕೊನೆಯ ಅಕ್ಷರದವರೆಗೂ

"ಈ ಕೋಡ್ ಆಸ್ಪತ್ರೆಗೆ ಹೋಗೋ ಹಾಗಿಲ್ಲ."

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಹೀಗೆ ಹೇಳಿಬಿಟ್ಟಳು. ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಗೋಡೆಯ ಮೇಲೆ ಕಾಣುತ್ತಿದ್ದ ಆ ಕೋಡ್ ಬರೆದವನು ತಂಡದಲ್ಲೇ ಹಳಬ. ಅವನ ಸಾಲುಗಳಿಗೆ ಅಲ್ಲಿಯವರೆಗೆ ಯಾರೂ ಬೆರಳು ತೋರಿಸಿರಲಿಲ್ಲ.

ಆಸ್ಪತ್ರೆಯ ಹಾಸಿಗೆ ಪಕ್ಕ ನಿಲ್ಲುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ರೋಗಿಯ ಹೆಸರು, ಎದೆಬಡಿತ, ಕೊಡಬೇಕಾದ ಔಷಧಿ ಎಲ್ಲವೂ ಒಂದು ಪುಟ್ಟ ಪರದೆಯ ಮೇಲೆ ಬರಬೇಕು.

ಹೆಸರು ಎಷ್ಟು ಉದ್ದವಿದೆ ಎಂದು ನೋಡದೆಯೇ ಕಾಪಿ ಮಾಡಿದ್ದೀರಿ ಎಂದಳು. ಹೆಸರು ಒಳಗೆ ಬರುವಾಗಲೇ ಉದ್ದ ನೋಡಿ ಆಗಿದೆ, ಪ್ರತಿ ಸಲ ನೋಡುತ್ತ ಕೂತರೆ ಈ ಸಣ್ಣ ಯಂತ್ರ ಕುಂಟುತ್ತದೆ ಎಂದ ಅವನು.

"ನಾಳೆ ಇನ್ಯಾರೋ ಬೇರೆ ದಾರಿಯಿಂದ ಹೆಸರು ಒಳಗೆ ಬಿಟ್ರೆ? ಲೋಟಕ್ಕೆ ಬಿಂದಿಗೆ ನೀರು ಸುರಿದ ಹಾಗಾಗುತ್ತೆ. ಉಕ್ಕಿದ್ದು ಪಕ್ಕದಲ್ಲಿರೋದನ್ನೆಲ್ಲ ಹಾಳು ಮಾಡುತ್ತೆ. ಪಕ್ಕದಲ್ಲಿರೋದು ಎದೆಬಡಿತದ ಲೆಕ್ಕ."

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ... ಅದೇ ಅವಳನ್ನು ಕಾಡಿದ್ದು.

"ಸರಿ. ಬದಲಾಯಿಸ್ತೀನಿ," ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿದ.

ಸಂಜೆಯೊಳಗೆ ಅವಳಿಗೆ 'ಟೀಚರಮ್ಮ' ಎಂಬ ಹೆಸರು ಅಂಟಿಕೊಂಡಿತು. ಅವನಿಗೆ 'ಮೌನಿ' ಎಂಬ ಹೆಸರು ಮೊದಲೇ ಇತ್ತು. ಇವರಿಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧವೇ ಸರಿ ಎಂದು ಆಫೀಸೆಲ್ಲ ಆಡಿಕೊಂಡಿತು.

ಆದರೆ ಆಫೀಸಿಗೇನು ಗೊತ್ತು?

ಅದೇ ಕೆಲಸವನ್ನು ಇಬ್ಬರೂ ಸೇರಿ ಮಾಡಬೇಕಾಗಿ ಬಂತು. ಮಧ್ಯಾಹ್ನದ ಕಾಫಿ ಹಿಡಿದು ಕಿಟಕಿ ಪಕ್ಕ ನಿಲ್ಲುವುದು ರೂಢಿಯಾಯಿತು. ಮಾತೆಲ್ಲ ಅವಳದು, ಕೇಳುವುದೆಲ್ಲ ಅವನದು. ಒಂದು ದಿನ, ಯಾರಿಗೂ ಹೇಳದ ಮಾತನ್ನೂ ಅವನ ಮುಂದೆ ಹೇಳಿಬಿಟ್ಟಳು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಯಂತ್ರ ಹಾಗೇ ನಿಂತುಹೋಗಿತ್ತು. ಪರದೆಯ ಮೇಲಿನ ಸಂಖ್ಯೆ ಬದಲಾಗುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅಮ್ಮ ಉಳಿಯಲಿಲ್ಲ. ಯಂತ್ರ ನಿಲ್ಲದಿದ್ದರೆ ಉಳಿಯುತ್ತಿದ್ದರೋ ಏನೋ, ಅದನ್ನು ಹೇಳುವವರು ಯಾರೂ ಇರಲಿಲ್ಲ.

"ಅದಕ್ಕೇ ನನಗೆ ಯಂತ್ರ ನಿಲ್ಲಬಾರದು. ಏನೇ ಆಗಲಿ, ನಿಲ್ಲಬಾರದು."

ಅವನು ಸಮಾಧಾನ ಹೇಳಲಿಲ್ಲ. ಆರಿಹೋಗಿದ್ದ ಅವಳ ಕಾಫಿಯನ್ನು ತೆಗೆದುಕೊಂಡು ಹೋಗಿ ಬಿಸಿಯದನ್ನು ತಂದುಕೊಟ್ಟ. ಅವತ್ತಿನಿಂದ ಅವನ ಹೆಜ್ಜೆ ಸಪ್ಪಳ ಕೇಳಿದರೆ ಅವಳ ಎದೆ ಜೋರಾಗಿ ಬಡಿದುಕೊಳ್ಳತೊಡಗಿತು. ಪ್ರೀತಿ ಎಂದು ಒಪ್ಪಿಕೊಳ್ಳಲು ಮಾತ್ರ ಅವಳಿಗೆ ಭಯ.

ಹೆಸರು ಕಾಪಿ ಮಾಡುವ ಭಾಗವನ್ನು ಕೊನೆಗೆ ಅವಳೇ ಬರೆದಳು. ಹೆಸರಿಗೆ ಯಂತ್ರದ ನೆನಪಿನಲ್ಲಿ ಇಂತಿಷ್ಟೇ ಬೈಟ್ ಜಾಗ, ಹೆಚ್ಚಾದದ್ದನ್ನು ಕತ್ತರಿಸಿಬಿಡುವುದು. ಉಕ್ಕುವ ಮಾತೇ ಇಲ್ಲ. ಅದನ್ನು ಓದಿ ಅವನು ಪಕ್ಕದಲ್ಲಿ ಒಂದು ಸಾಲು ಬರೆದಿದ್ದ: 'ಕತ್ತರಿಸಿದ್ದು ಯಾರಿಗೂ ಗೊತ್ತಾಗದಿದ್ದರೆ?'

ಯಂತ್ರ ನಿಲ್ಲುವುದಿಲ್ಲ, ಅಷ್ಟು ಸಾಕು ಎಂದು ಉತ್ತರ ಬರೆದು ಆ ಪ್ರಶ್ನೆಯನ್ನು ಅವಳು ಮುಚ್ಚಿಬಿಟ್ಟಳು. ಅವನು ಮತ್ತೆ ಕೇಳಲಿಲ್ಲ. ಒಪ್ಪಿಗೆ ಕೊಟ್ಟ.

ಸಾಫ್ಟ್‌ವೇರ್ ಪರೀಕ್ಷೆಗೆಂದು ಒಂದು ವಾರ್ಡಿಗೆ ಹೋಯಿತು. ಅವಳ ಅಕ್ಕ ನರ್ಸ್ ಆಗಿದ್ದ ವಾರ್ಡೇ ಅದು. ಅಮ್ಮನಿಗೆ ಕೊಡಲಾಗದ್ದನ್ನು ಬೇರೆಯವರ ಅಮ್ಮಂದಿರಿಗೆ ಕೊಟ್ಟೆ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಆ ಹಿಗ್ಗು ವಾರ ತುಂಬುವವರೆಗೂ ಉಳಿಯಲಿಲ್ಲ.

ಬೆಳಿಗ್ಗೆ ಆಫೀಸಿಗೆ ಬಂದಾಗ ಎಲ್ಲರೂ ಅವಳನ್ನು ಕಂಡು ಮುಖ ತಿರುಗಿಸಿದರು. ಅವಳ ಕೋಡನ್ನು ವಾರ್ಡಿನಿಂದ ವಾಪಸ್ ತೆಗೆಯಲಾಗಿತ್ತು. ತೆಗೆಸಿದವನು ಮೌನಿ. ಅವಳಿಗೊಂದು ಮಾತು ತಿಳಿಸದೆ, ನೇರ ಮ್ಯಾನೇಜರ್ ಬಳಿ ಹೋಗಿ.

ಅವಳು ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಮೊದಲ ದಿನದ ಸೇಡು ತೀರಿಸ್ಕೊಂಡ್ರಿ ಅಲ್ವಾ?"

ಅವನ ಮುಖ ಬಿಳಿಚಿಕೊಂಡಿತು.

"ಇವತ್ತೊಂದಿನ ಏನೂ ಕೇಳ್ಬೇಡಿ. ನಾಳೆ ಎಲ್ಲಾ ಹೇಳ್ತೀನಿ."

"ನಾಳೆ ಅನ್ನೋದು ಬೇಡ. ಅಮ್ಮನ ವಿಷಯ ನಿಮ್ಮ ಹತ್ರ ಹೇಳ್ಕೊಂಡಿದ್ದೇ ನನ್ನ ತಪ್ಪು."

ಮನೆಗೆ ಬಂದವಳು ದೀಪ ಹಾಕದೆ ಕೂತಿದ್ದಳು. ಸಂಜೆ ಡ್ಯೂಟಿ ಮುಗಿಸಿ ಅಕ್ಕ ಬಂದು, ಚಪ್ಪಲಿ ಬಿಡುವಷ್ಟರಲ್ಲೇ ತಂಗಿಯ ಮುಖ ನೋಡಿ ಎಲ್ಲ ಅರ್ಥಮಾಡಿಕೊಂಡಳು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಅವನನ್ನ ಬೈಬೇಡ ಕಣೇ. ಬೆಳ್ಳಂಬೆಳಗ್ಗೆ ವಾರ್ಡಿಂದ ನಿಮ್ಮ ಆಫೀಸಿಗೆ ಫೋನ್ ಮಾಡಿದಾಗ ಸಿಕ್ಕವನು ಅವನು. ಅವಳಿಗೆ ಹೇಳ್ಬೇಡಿ, ಅಮ್ಮನ ನೆನಪಾಗಿ ಕುಸಿದುಹೋಗ್ತಾಳೆ, ಸಂಜೆ ನಾನೇ ಮಾತಾಡ್ತೀನಿ ಅಂತ ಅವನ ಕೈಲಿ ಮಾತು ತಗೊಂಡವಳು ನಾನು."

ವಾರ್ಡಿಗೆ ಅಪಘಾತದಲ್ಲಿ ಗಾಯಗೊಂಡ ಅಕ್ಕ-ತಂಗಿ ಬಂದಿದ್ದರಂತೆ, ಅಕ್ಕಪಕ್ಕದ ಹಾಸಿಗೆ. ಅವರ ಹೆಸರಲ್ಲಿ ಮೊದಲು ಮನೆತನ, ಆಮೇಲೆ ತಂದೆ, ಕೊನೆಗೆ ಅವರವರ ಹೆಸರು. ಎರಡೂ ಪರದೆಗಳಲ್ಲಿ ತಂದೆಯ ಹೆಸರಿಗೇ ಸಾಲು ನಿಂತಿತ್ತು. ಎರಡೂ ಒಂದೇ ಹೆಸರು! ಚಿಕ್ಕವಳಿಗೆ ಬರೆದಿದ್ದ ಇಂಜೆಕ್ಷನ್ ದೊಡ್ಡವಳ ಮೈಗೆ ಆಗದು.

"ದೊಡ್ಡವಳ ಹಾಸಿಗೆ ಪಕ್ಕ ನಿಂತಿದ್ದೆ, ಸಿರಿಂಜ್ ನನ್ನ ಕೈಯಲ್ಲಿತ್ತು. ನಿನ್ನ ಹೆಸರೇನಮ್ಮ ಅಂತ ಕೇಳಿದೆ. ಆ ಹುಡುಗಿಗೆ ಎಚ್ಚರ ಇತ್ತು, ಹೇಳಿದ್ಲು. ಎಚ್ಚರ ಇಲ್ಲದೇ ಹೋಗಿದ್ರೆ..."

ಅಕ್ಕ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಅವಳಿಗೆ ಥಟ್ಟನೆ ಹೊಳೆಯಿತು. ಪರೀಕ್ಷೆ ಮಾಡುವಾಗ ತಾನು ಹಾಕಿದ್ದೆಲ್ಲ ಇಂಗ್ಲಿಷಿನ ಚಿಕ್ಕ ಚಿಕ್ಕ ಹೆಸರುಗಳು. ಅಲ್ಲಿ ಅಕ್ಷರಕ್ಕೊಂದು ಬೈಟ್. ನಮ್ಮ ಲಿಪಿಯ ಅಕ್ಷರಕ್ಕೆ ಕಡಿಮೆಯೆಂದರೂ ಮೂರು, ಒತ್ತು ಬಂದರೆ ಇನ್ನೂ ಜಾಸ್ತಿ. ಓದಿ ತಿಳಿದಿದ್ದ ಸಂಗತಿಯೇ, ಭಯದ ಭರದಲ್ಲಿ ಮರೆತಿದ್ದಳು. ಯಂತ್ರ ನಿಲ್ಲಲಿಲ್ಲ ನಿಜ. ನಿಲ್ಲದೆ, ಯಾರಿಗೂ ಅನುಮಾನ ಬಾರದಂತೆ, ಸುಳ್ಳು ಹೇಳಿತ್ತು.

'ಅವನು ಕೇಳಿದ್ದ. ಕೇಳಿದ್ದನ್ನು ಮುಚ್ಚಿದವಳು ನಾನು...'

ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಮಾರನೆಯ ದಿನ ಅದೇ ಮೀಟಿಂಗ್ ಕೋಣೆ. ಒಪ್ಪಿಗೆ ಕೊಟ್ಟವನು ನಾನು, ಹೊಣೆ ನನ್ನದೇ ಎಂದು ಅವನು ಹಿಂದಿನ ದಿನವೇ ಬರೆದುಕೊಟ್ಟಿದ್ದನಂತೆ, ಮ್ಯಾನೇಜರ್ ಅದನ್ನೇ ಓದತೊಡಗಿದರು. ಅವಳು ಎದ್ದು ನಿಂತಳು.

"ಅದು ಪೂರ್ತಿ ನಿಜ ಅಲ್ಲ ಸರ್. ಇವರು ಎಚ್ಚರಿಸಿದ್ರು. ನಾನು ಕೇಳ್ಲಿಲ್ಲ. ಸರಿ ಮಾಡೋಕೆ ಇಬ್ಬರಿಗೂ ಅವಕಾಶ ಕೊಡಿ."

ಕೊಟ್ಟರು. ಇಬ್ಬರೂ ಮತ್ತೆ ಒಂದೇ ಮೇಜಿಗೆ ಕೂತರು, ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲದೆ. ಹೆಸರು ಒಳಗೆ ಬಂದಾಗ ಒಂದೇ ಸಲ, ಉದ್ದದ ಸಮೇತ, ಪೂರ್ತಿಯಾಗಿ ಇಟ್ಟುಕೊಳ್ಳುವುದು. ರೋಗಿ ಆ ಹಾಸಿಗೆಯಲ್ಲಿರುವಷ್ಟು ದಿನ ಅದನ್ನು ಯಾರೂ ಅಳಿಸುವಂತಿಲ್ಲ. ಉಳಿದ ಕೋಡೆಲ್ಲ ಮತ್ತೆ ಕಾಪಿ ಮಾಡದೆ ಅದನ್ನೇ ನೋಡಬೇಕು. ಅವನು ಬಯಸಿದ ವೇಗವೂ ಸಿಕ್ಕಿತು, ಅವಳು ಬಯಸಿದ ಭದ್ರತೆಯೂ ಸಿಕ್ಕಿತು. ತೋರಿಸಲು ಜಾಗ ಸಾಲದಿದ್ದರೆ ಪರದೆ ಕೆಂಪಾಗಿ, ಹೆಸರು ಅಪೂರ್ಣ ಎಂದು ಬಾಯಿಬಿಟ್ಟು ಹೇಳಬೇಕು.

ಹೊಸ ಸಾಫ್ಟ್‌ವೇರ್ ವಾರ್ಡಿಗೆ ಹೋದ ದಿನ ಇಬ್ಬರೂ ನೋಡಲು ಹೋದರು. ಆ ಅಕ್ಕ-ತಂಗಿ ಇನ್ನೂ ಅಲ್ಲೇ ಇದ್ದರು. ದೊಡ್ಡವಳ ಪರದೆಯ ಮುಂದೆ ನಿಂತು ಅವಳು ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿದಳು. ಕಣ್ಣು ತುಂಬಿತು.

ಕಾರಿಡಾರಿಗೆ ಬಂದ ಮೇಲೆ ಕೇಳಿದಳು. "ಇನ್ನೊಂದು ಸಲ ಯಾಕೆ ಕೇಳ್ಲಿಲ್ಲ ನೀವು? ನಾನು ಮುಚ್ಚಿದ ಮಾತ್ರಕ್ಕೆ ಬಿಟ್ಟುಬಿಡೋದಾ?"

ಅವನು ಅವಳತ್ತ ತಿರುಗಿದ.

"ನಿಮ್ಮ ಅಮ್ಮನ ವಿಷಯ ಕೇಳಿದ್ಮೇಲೆ ನಿಮ್ಮ ಹತ್ರ ವಾದ ಮಾಡೋಕೆ ಮನಸ್ಸೇ ಬರ್ಲಿಲ್ಲ. ನೋವಾಗುತ್ತೇನೋ ಅಂತ ಸುಮ್ಮನಾದೆ. ಅದು ನನ್ನ ತಪ್ಪು. ಯಾಕಂದ್ರೆ ನಾನು ನಿಮ್ಮನ್ನ..."

ಮಾತು ಅಲ್ಲಿಗೇ ನಿಂತಿತು. ಮೌನಿ ತಲೆ ತಗ್ಗಿಸಿದ.

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು.

"ಅರ್ಧಕ್ಕೆ ನಿಲ್ಲಿಸ್ಬೇಡಿ. ನಾನು ಕೇಳ್ತೀನಿ. ಪೂರ್ತಿ ಹೇಳಿ."

"ಪ್ರೀತಿಸ್ತೀನಿ, ಟೀಚರಮ್ಮ. ಮೊದಲ ದಿನದಿಂದಲೇ."

"ಹಾಗಿದ್ರೆ ಒಂದು ಮಾತು ಕೊಡಿ. ನಾನು ತಪ್ಪು ಮಾಡಿದಾಗ ನನ್ನ ಜೊತೆ ಜಗಳ ಆಡ್ತೀರಾ?"

"ಆಡ್ತೀನಿ. ನೀವು ಕೇಳೋವರೆಗೂ ಬಿಡಲ್ಲ."