‘ನಿನ್ನ ಬಿಟ್ರೆ’ ಆದಮೇಲೊಂದು ಕಾಮಾ

“ಇದರಲ್ಲಿ ನಗೋಕೇನಿದೆ? ಯಾಕೆ ಹೀಗೆ ನಗ್ತಾರೆ ಇವರೆಲ್ಲ?”

ಅವಳು ಕೇಳಿದ್ದು ಯಾರನ್ನೂ ಅಲ್ಲ. ಆ ಪುಟ್ಟ ಕೋಣೆಯಲ್ಲಿ ಇದ್ದದ್ದು ಒಂದು ಪರದೆ, ಒಂದು ಕೀಲಿಮಣೆ, ಆರಿಹೋದ ಅರ್ಧ ಲೋಟ ಚಹಾ. ಹೆಡ್‌ಫೋನನ್ನು ಕೊರಳಿಗೇ ಬಿಟ್ಟು, ಸ್ಪೀಕರಿನಲ್ಲೇ ಕೇಳುತ್ತಿದ್ದ ಅವಳು ಪರದೆಯನ್ನೇ ದಿಟ್ಟಿಸಿದಳು.

ಇಪ್ಪತ್ತು ವರ್ಷ ಹಳೆಯ ಹಾಸ್ಯ ಧಾರಾವಾಹಿ. ಕೊನೆಯ ಕಂತು. ಬಸ್ ನಿಲ್ದಾಣದಲ್ಲಿ ಹೆಂಡತಿಯ ಪೆಟ್ಟಿಗೆ ಹಿಡಿದು ನಿಂತ ಗಂಡ ಹೇಳುತ್ತಾನೆ, “ನಿನ್ನ ಬಿಟ್ರೆ ನಂಗ್ಯಾರು ಸಿಗ್ತಾರೆ?” ಹೆಂಡತಿ “ಹ್ಞೂಂ” ಎನ್ನುತ್ತಾಳೆ. ಅಷ್ಟೇ. ಕಾಣದ ನೂರು ಜನ ಗೊಳ್ಳೆಂದು ನಗುತ್ತಾರೆ. ಕಥೆ ಮುಗಿಯುತ್ತದೆ.

“ನಗೋಕೇನೂ ಇಲ್ಲ. ಅದು ಅಳೋ ಮಾತು.”

ಯಾರದೋ ದನಿ! ಅವಳು ಬೆಚ್ಚಿ ಬಲಕ್ಕೆ ತಿರುಗಿದಳು. ಬರೀ ಗೋಡೆ. ಆಮೇಲೆ ಎಡಕ್ಕೆ ನೋಡಿದರೆ, ಬಾಗಿಲಲ್ಲಿ ಕೊರಳಿಗೆ ವೈರಿನ ಸುರುಳಿ ಹಾಕಿಕೊಂಡು ಒಬ್ಬ ನಿಂತಿದ್ದ.

“ಅಳೋ ಮಾತಾ?” ಅವಳಿಗೆ ಯಾಕೋ ಸಿಟ್ಟೇ ಬಂತು. “ಅವಮಾನ ಮಾಡೋ ಮಾತು ರೀ ಅದು! ‘ನಿನ್ನನ್ನ ಬಿಟ್ಟುಬಿಟ್ರೆ ನನಗೆ ಬೇರೆ ಯಾರೂ ಸಿಗಲ್ಲ, ಅದಕ್ಕೇ ಇಟ್ಕೊಂಡಿದೀನಿ’ ಅಂತ. ಗತಿಯಿಲ್ಲದೆ ಇಟ್ಕೊಂಡಿರೋನು!”

“ಅಯ್ಯೋ, ಅಲ್ಲ ರೀ. ‘ನೀನಲ್ಲದೆ ನನಗಿನ್ಯಾರಿದಾರೆ’ ಅಂತ.”

“ಹಾಗಾದ್ರೆ ಜನ ಯಾಕೆ ನಕ್ಕರು?”

“ಜನ ಎಲ್ಲಿ ನಕ್ಕರು? ನಗು ಆಮೇಲೆ ಹಾಕಿದ್ದು. ನನ್ನ ಗುರುಗಳು ಹಾಕಿದ್ದು. ಈಗ ನಾನು ಹಾಕ್ತೀನಿ. ಮಾತು ಎಲ್ಲಿ ಬರಿದಾಗಿ ಕಾಣುತ್ತೋ ಅಲ್ಲಿ ಎರಡು ಬಾಂಡ್ಲಿ ನಗು ಸುರಿಯೋದೇ ನಮ್ಮ ಕಸುಬು.”

ಓ... ಇವನೇ! ಕಚೇರಿಯಲ್ಲಿ ಎಲ್ಲರೂ ‘ನಗೆಮೇಸ್ತ್ರಿ’ ಎಂದು ಕರೆಯುವ ಧ್ವನಿ ಜೋಡಿಸುವವ. ಕೆಳಮಹಡಿಯಲ್ಲಿ ಹಳೆಯ ಟೇಪುಗಳ ಕರಕರ ತೆಗೆದು, ಸದ್ದು ತಿದ್ದಿ ಮೇಲೆ ಕಳಿಸುತ್ತಿದ್ದವನು.

“ನೀವು ಕಾಮಾಕ್ಷಿ ಅಲ್ವಾ?” ಎಂದ ಅವನು.

ಅದು ಅವಳ ಹೆಸರಲ್ಲ. ಕಿವಿ ಕೇಳದವರೂ ಧಾರಾವಾಹಿ ನೋಡಲೆಂದು ಮಾತನ್ನೆಲ್ಲ ಪರದೆಯ ಕೆಳಗೆ ಅಕ್ಷರದಲ್ಲಿ ಬರೆಯುವುದು ಅವಳ ಕೆಲಸ. ಒಂದೊಂದು ಕಾಮಾಕ್ಕೂ ಅರ್ಧ ಗಂಟೆ ಯೋಚಿಸುತ್ತಾಳೆಂದು ಇಟ್ಟ ಹೆಸರು ಅದು.

ಈಗಂತೂ ಊರಿಗೆ ಊರೇ ಅವಳ ಒಂದು ಕಾಮಾಕ್ಕಾಗಿ ಕಾಯುತ್ತಿತ್ತು.

ಆ ಧಾರಾವಾಹಿಯ ಅಭಿಮಾನಿಗಳು ಇಪ್ಪತ್ತು ವರ್ಷದಿಂದ ಅದೇ ಒಂದು ಮಾತಿಗೆ ಕಿತ್ತಾಡುತ್ತಿದ್ದರು. ಅದು ಪ್ರೀತಿಯೇ ಎನ್ನುವವರು ‘ಒಲವಿನವರು’. ಬೇರೆ ದಾರಿಯಿಲ್ಲದವನ ಲೆಕ್ಕಾಚಾರ ಎನ್ನುವವರು ‘ಗತಿಗೆಟ್ಟವರು’. ಈಗ ಮರುಪ್ರಸಾರ, ಅದೂ ಅಕ್ಷರಗಳ ಜೊತೆ! ‘ನಿನ್ನ ಬಿಟ್ರೆ’ ಆದಮೇಲೆ ಕಾಮಾ ಇದ್ದರೆ, ಬಿಟ್ಟುಹೋಗುವ ಮಾತು. ಇಲ್ಲದಿದ್ದರೆ, ನೀನಲ್ಲದೆ ಎನ್ನುವ ಮಾತು.

ಪತ್ರಗಳ ಮೇಲೆ ಪತ್ರ. ಒಬ್ಬರಂತೂ ಬರೆದಿದ್ದರು: “ನಾನೊಂದು ಪಾರ್ಟಿ, ನನ್ನ ಹೆಂಡತಿ ಇನ್ನೊಂದು ಪಾರ್ಟಿ. ಬೇಗ ತೀರ್ಪು ಕೊಡಿ ತಾಯಿ, ಮೂರು ದಿನದಿಂದ ಮನೆಯಲ್ಲಿ ಮಾತು ನಿಂತಿದೆ.”

ಅವಳು ಹದಿನಾಲ್ಕನೇ ವಯಸ್ಸಿನಿಂದ ಗತಿಗೆಟ್ಟವರ ಪಾರ್ಟಿ.

ಯಾಕೆಂದು ಅವಳಿಗೆ ಮಾತ್ರ ಗೊತ್ತು.

ಆರನೇ ವಯಸ್ಸಿನ ಜ್ವರದಲ್ಲಿ ಅವಳ ಎಡಗಿವಿ ಸತ್ತುಹೋಗಿತ್ತು. ಒಮ್ಮೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಯಾರಿಗೋ ಹೇಳಿದ್ದು ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತ್ತು... “ಇವಳನ್ನ ಯಾರು ಒಪ್ತಾರೆ? ಎಲ್ಲೂ ಸಿಗದೆ ಉಳಿದೋನೇ ಬರಬೇಕು.”

ಅಂದಿನಿಂದ ಅವಳು ಆ ಕಿವಿಯನ್ನು ಬಚ್ಚಿಟ್ಟುಕೊಂಡೇ ಬದುಕಿದ್ದಳು. ಬೆಂಚಿನ ಎಡತುದಿಯಲ್ಲಿ ಕೂರುವುದು, ಜೊತೆಯವರನ್ನು ಬಲಕ್ಕೆ ಬಿಟ್ಟುಕೊಂಡು ನಡೆಯುವುದು. ಕಚೇರಿಯಲ್ಲಿ ಯಾರಿಗೂ ತಿಳಿಯದು. ಮಾತು ಕೇಳಿ ಬರೆಯುವ ಕೆಲಸಕ್ಕೆ ಒಂಟಿಗಿವಿಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

*

ಜಗಳದಿಂದಲೇ ಶುರುವಾದದ್ದು ಎರಡು ತಿಂಗಳಲ್ಲಿ ಎಲ್ಲಿಗೋ ಬಂದು ನಿಂತಿತು.

ಅವನು ದಿನಾ ಒಂದು ಹೊಸ ಸಾಕ್ಷಿ ಹಿಡಿದು ಮೇಲೆ ಬರುತ್ತಿದ್ದ. “ನೋಡಿ, ಆ ಮಾತು ಹೇಳುವಾಗ ಪೆಟ್ಟಿಗೆನ ಎದೆಗವಚಿಕೊಂಡಿದಾನೆ. ಗತಿಗೆಟ್ಟವನು ಹಾಗೆ ಹಿಡೀತಾನಾ?”

“ಪೆಟ್ಟಿಗೆ ಅವನದೇ ಇರಬೇಕು.”

“ನಿಮ್ಮ ಹತ್ತಿರ ಗೆಲ್ಲೋಕಾಗಲ್ಲ ಬಿಡಿ!”

ಅವನು ನಗುತ್ತಿದ್ದ. ಯಾವಾಗಲೂ ಅವಳ ಬಲಗಡೆಗೇ ಬಂದು ಕೂರುತ್ತಿದ್ದ. ಅದು ತನ್ನ ಪುಣ್ಯ ಎಂದುಕೊಂಡಿದ್ದಳು ಅವಳು.

ಒಂದು ಮಧ್ಯಾಹ್ನ, ಮೆಟ್ಟಿಲ ಮೇಲೆ, ಅವನು ನಗದೆ ಹೇಳಿದ. “ನನ್ನನ್ನ ಮದುವೆ ಆಗ್ತೀಯಾ? ಜಗಳ ಇಡೀ ಜನ್ಮ ಮುಂದುವರಿಸಬಹುದು.”

ಮೊದಲ ಸಲ ‘ನೀನು’ ಎಂದಿದ್ದ!

“ಒಂದು ವಾರ ಟೈಮ್ ಕೊಡಿ,” ಎಂದಳು. ಕಿವಿಯ ವಿಷಯ ಹೇಳಲು ಧೈರ್ಯ ಕೂಡಿಸಿಕೊಳ್ಳಬೇಕಿತ್ತು.

ಆದರೆ ಆ ವಾರವೇ ಬೇರೆಯಾಗಿತ್ತು.

ಅವಳ ಅಜ್ಜ ದಿನವೂ ನಸುಕಿಗೆ ಎದ್ದು ಪದ್ಯ ಓದುತ್ತಿದ್ದರು. ಓದುವುದೆಂದರೆ ಹಾಡಿ ಓದುವುದು. ಒಂದು ಸಾಲು ಹೇಳಿ ಉಸಿರು ನಿಲ್ಲಿಸಿ, ಆ ಸಾಲು ಎದೆಗೆ ಇಳಿದಮೇಲೆ ಇನ್ನೊಂದು. ಅವಳು ಎಚ್ಚರಾಗುತ್ತಿದ್ದದ್ದೇ ಆ ದನಿಗೆ. ಅದೇ ಅವಳ ದೇವರು, ಅದೇ ಅವಳ ಬೆಳಗು.

ಸೋಮವಾರ ಅವಳು ಕಣ್ಣು ಬಿಟ್ಟಾಗ ಅಜ್ಜ ಕಿಟಕಿಯ ಬಳಿ ಕೂತಿದ್ದರು. ತುಟಿ ಆಡುತ್ತಿತ್ತು. ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು.

ಪದ್ಯ ಮಾತ್ರ ಇರಲಿಲ್ಲ.

ಬಲಗಿವಿ ದಿಂಬಿಗೆ ಒತ್ತಿದೆಯೇನೋ ಎಂದು ಧಡಕ್ಕನೆ ಎದ್ದು ಕೂತಳು. ಇಲ್ಲ... ಇಲ್ಲ! ಎಣಿಸಿದರೆ ಹತ್ತು ಉಸಿರಿನಷ್ಟು ಹೊತ್ತು. ಆಮೇಲೆ ನೀರೊಳಗಿಂದ ಬಂದಹಾಗೆ ಅಜ್ಜನ ದನಿ ಮೆಲ್ಲಗೆ ಮೇಲೆದ್ದಿತು.

ಆ ಹತ್ತು ಉಸಿರಿನಲ್ಲಿ ಅವಳು ತನ್ನ ಮುಂದಿನ ಬದುಕನ್ನೆಲ್ಲ ನೋಡಿಬಿಟ್ಟಿದ್ದಳು.

“ಬಲಗಿವೀನೂ ಇಳೀತಾ ಇದೆ ಅಮ್ಮಾ,” ಎಂದರು ಅಂದೇ ಹೋಗಿ ಕಂಡ ಕಿವಿಯ ಡಾಕ್ಟರು. “ಒಂದು ವರ್ಷ ಆಗಬಹುದು, ಎರಡಾಗಬಹುದು. ತುಟಿ ನೋಡಿ ಮಾತು ಓದೋದನ್ನ ಈಗಿನಿಂದಲೇ ಕಲೀರಿ.”

ದೇವರೇ, ಅಜ್ಜನ ಪದ್ಯ ಹೋಗುತ್ತೆ, ಕೆಲಸ ಹೋಗುತ್ತೆ... ಅವರ ದನಿ? ‘ಆಗ್ತೀಯಾ’ ಅಂದ ಆ ದನಿನೂ ಹೋಗುತ್ತಾ?

ಆದರೂ ಅವಳು ಮರುದಿನ ನಿರ್ಧಾರ ಮಾಡಿಯೇ ಬಂದಳು. ಹೇಳಿಬಿಡುತ್ತೇನೆ. ಎಲ್ಲವನ್ನೂ ಹೇಳಿ ಅವರ ಮುಖ ನೋಡುತ್ತೇನೆ.

ಹೆಡ್‌ಫೋನ್ ಹಾಕಿಕೊಂಡಳು. ಕೆಳಮಹಡಿಯಿಂದ ಅವಳ ಕೋಣೆಗೆ ಮಾತಾಡಲು ಇಟ್ಟಿದ್ದ ಮೈಕು ತೆರೆದೇ ಇತ್ತು. ಅವನು ಫೋನಿನಲ್ಲಿ ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದ.

“ನನಗೂ ಮೂವತ್ತಾರು ತುಂಬ್ತಲ್ಲ ಅಕ್ಕ... ಇರಲಿ ಬಿಡು. ಅವಳನ್ನ ಬಿಟ್ರೆ ನಂಗ್ಯಾರು ಸಿಗ್ತಾರೆ ಹೇಳು?”

ಆಮೇಲೆ ನಕ್ಕ. ಜೋರಾಗಿ, ಗೊಳ್ಳೆಂದು.

ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

ಚಿಕ್ಕಮ್ಮ ಹೇಳಿದ್ದು ಸುಳ್ಳಾಗಲಿಲ್ಲ... ಎಲ್ಲೂ ಸಿಗದೆ ಉಳಿದವನೇ ಬಂದ!

*

“ಆಗಲ್ಲ,” ಎಂದಳು ಅವಳು ಸಂಜೆ.

“ಯಾಕೆ?”

“ಕೇಳಬೇಡಿ.”

“ಒಂದು ಕಾರಣನಾದ್ರೂ ಹೇಳು. ಜಗಳ ಆಡು, ಬೈ. ಹೀಗೆ ತಣ್ಣಗೆ ‘ಆಗಲ್ಲ’ ಅನ್ನಬೇಡ...”

ಅವಳು ಎಡಕ್ಕೆ ತಿರುಗಿ ಬಲಗಿವಿಯನ್ನು ಗೋಡೆಗೆ ಒತ್ತಿಕೊಂಡಳು. ಅವನ ಉಳಿದ ಮಾತು ಸತ್ತ ಕಿವಿಗೆ ಬಿದ್ದು ಅಲ್ಲೇ ಕರಗಿಹೋಯಿತು. ಅವನು ಏನು ಬೇಡಿಕೊಂಡನೋ ಅವಳಿಗೆ ಇಂದಿಗೂ ತಿಳಿಯದು.

ಮೂರು ದಿನ ಅವನು ಮೇಲೆ ಬರಲಿಲ್ಲ. ಕೆಲಸ ಬಿಟ್ಟು ಬೇರೆ ಊರಿಗೆ ಹೊರಟಿದ್ದಾನಂತೆ, ಶನಿವಾರವೇ ಕೊನೆಯಂತೆ ಎಂದು ಯಾರೋ ಹೇಳಿದರು.

ಮನೆಯಲ್ಲಿ ಅಜ್ಜ ಅವಳ ತಟ್ಟೆ ನೋಡಿದರು. ಮುಟ್ಟಿರಲಿಲ್ಲ. ಅಜ್ಜನಿಗೆ ಅವಳು ಎಲ್ಲವನ್ನೂ ಹೇಳಿದಳು... ಕಿವಿಯನ್ನೂ, ಆ ನಗುವನ್ನೂ.

ಅಜ್ಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಅವಳೆದುರಿಗೆ, ಮುಖ ಕಾಣುವಂತೆ ಕೂತರು. “ಮಗಾ, ಪದ್ಯ ನಾನು ಎಷ್ಟು ವರ್ಷದಿಂದ ಓದ್ತಿದೀನಿ? ಒಂದೇ ಸಾಲು, ಎಲ್ಲಿ ಉಸಿರು ತಗೊಂಡೆ ಅನ್ನೋದರ ಮೇಲೆ ಅದು ಬೈಗಳೂ ಆಗುತ್ತೆ, ಪ್ರಾರ್ಥನೇನೂ ಆಗುತ್ತೆ. ಆ ಹುಡುಗ ಎಲ್ಲಿ ಉಸಿರು ತಗೊಂಡ, ಕೇಳಿಸ್ಕೊಂಡ್ಯಾ?”

“ನಕ್ಕರು ಅಜ್ಜಾ. ನಗುವಿನಲ್ಲಿ ಏನೂ ಕೇಳಿಸಲಿಲ್ಲ.”

“ಹಾಗಾದ್ರೆ ನೀನು ಕೇಳಿದ್ದು ಬರೀ ನಗು. ಮಾತಲ್ಲ.”

*

ಶನಿವಾರ. ನಾಲ್ಕು ಗಂಟೆಯೊಳಗೆ ಕೊನೆಯ ಕಂತಿನ ಅಕ್ಷರ ಕಳಿಸಬೇಕು. ಅವಳ ಯಂತ್ರ ಬೆಳಗ್ಗೆಯೇ ಕೆಟ್ಟು ನಿಂತಿತ್ತು.

“ಪಕ್ಕದ ಕೋಣೆಯದ್ರಲ್ಲಿ ಮುಗಿಸಮ್ಮ,” ಎಂದರು ಮೇಲಧಿಕಾರಿ. “ಕಾಮಾನೋ, ಬಿಂದುನೋ, ಏನೋ ಒಂದು ಹಾಕಿ ಆ ಜನರ ಬಾಯಿ ಮುಚ್ಚಿಸು ಮಾರಾಯ್ತಿ!”

ಅವಳು ಪಕ್ಕದ ಕೋಣೆಯ ಹೆಡ್‌ಫೋನ್ ಹಾಕಿಕೊಂಡು ದೃಶ್ಯ ಓಡಿಸಿದಳು.

“ನಿನ್ನ ಬಿಟ್ರೆ ನಂಗ್ಯಾರು ಸಿಗ್ತಾರೆ?”

ಹೆಂಡತಿಯ ತುಟಿ ಅಲುಗಿತು. ದನಿಯಿಲ್ಲ!

ಹೋಯಿತು... ಬಲಗಿವಿಯೂ ಹೋಯಿತು! ದೃಶ್ಯವನ್ನು ಹಿಂದಕ್ಕೆ ಓಡಿಸಿದಳು. ಗಂಡನ ಮಾತು ಸ್ಪಷ್ಟ. ನಗುವೂ ಸ್ಪಷ್ಟ. ಹೆಂಡತಿ ಮಾತ್ರ ಮೂಕಿ. ಇಡೀ ಕಂತಿನಲ್ಲಿ ಹೆಂಡತಿ ಮೂಕಿ.

ಕೈಗೆ ಏನು ಹೊಳೆಯಿತೋ, ಹೆಡ್‌ಫೋನನ್ನು ತಿರುವಿ ಹಾಕಿಕೊಂಡಳು. ಎಡದ್ದು ಬಲಕ್ಕೆ.

“ಹ್ಞೂಂ,” ಎಂದಳು ಹೆಂಡತಿ.

ಗಂಡನ ದನಿ ಬಲಕ್ಕೆ, ಹೆಂಡತಿಯದು ಎಡಕ್ಕೆ... ಟೇಪು ಇರುವುದೇ ಹಾಗೆ. ಹಾಗಾದರೆ ಎರಡು ತಿಂಗಳು ತನ್ನ ಕೋಣೆಯಲ್ಲಿ ಇಬ್ಬರ ಮಾತೂ ತನಗೆ ಹೇಗೆ ಕೇಳಿಸಿತು?

ಅವಳು ತನ್ನ ಕೋಣೆಗೆ ಓಡಿ ಮೇಜಿನ ಕೆಳಗೆ ಬಗ್ಗಿದಳು. ಹೆಡ್‌ಫೋನಿನ ವೈರಿಗೆ ಒಂದು ಪುಟ್ಟ ಬೆಸುಗೆ. ಎರಡೂ ಕಡೆಯ ಸದ್ದನ್ನು ಒಂದೇ ಕಡೆಗೆ, ಬಲಕ್ಕೆ ತಿರುಗಿಸಿದ ಬೆಸುಗೆ. ಮೇಲೆ ನೀಟಾಗಿ ಸುತ್ತಿದ ಕಪ್ಪು ಟೇಪು. ಟೇಪಿನ ಮೇಲೆ ಅವನ ಅಕ್ಷರದಲ್ಲಿ ಒಂದು ದಿನಾಂಕ.

ಅವರು ಮೊದಲು ಜಗಳವಾಡಿದ ಮಾರನೇ ದಿನ.

*

ಅವನು ಕೆಳಮಹಡಿಯಲ್ಲಿ ವೈರುಗಳನ್ನು ಸುರುಳಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ.

“ನಿಮಗೆ ಗೊತ್ತಿತ್ತು!” ಅವಳು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

ಅವನು ತಲೆ ಎತ್ತಲಿಲ್ಲ. “ಅವತ್ತು ಎಡಗಡೆ ಬಾಗಿಲಿಂದ ಮಾತಾಡಿದೆ. ನೀನು ಬಲಗಡೆ ಗೋಡೆ ನೋಡಿದೆ. ಸದ್ದಿನ ಕೆಲಸದವನಿಗೆ ಅಷ್ಟು ಸಾಲದಾ?”

“ಯಾಕೆ ಹೇಳಲಿಲ್ಲ?”

“ನೀನು ಬಚ್ಚಿಟ್ಟಿದ್ದೆ. ಬಚ್ಚಿಟ್ಟಿದ್ದನ್ನ ಎಳೆದು ತೆಗೆಯೋಕೆ ನಾನ್ಯಾರು?”

“ಹಾಗಾದ್ರೆ ಅಕ್ಕನ ಹತ್ತಿರ... ‘ಅವಳನ್ನ ಬಿಟ್ರೆ ನಂಗ್ಯಾರು ಸಿಗ್ತಾರೆ’ ಅಂದ್ರಲ್ಲ? ನಕ್ಕರಲ್ಲ!” ಅವಳು ಮೇಜಿನ ಮೇಲಿದ್ದ ಮೈಕನ್ನು ತೋರಿಸಿದಳು. “ಮೈಕು ತೆರೆದಿತ್ತು. ಎಲ್ಲ ಕೇಳಿಸ್ತು ನನಗೆ.”

ಅವನ ಕೈಯಿಂದ ಸುರುಳಿ ಜಾರಿತು. ಈಗ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು.

“ಎಲ್ಲ ಕೇಳಿಸಲಿಲ್ಲ. ಅಕ್ಕನ ಮಾತು ಕೇಳಿಸಲಿಲ್ಲ. ‘ಒಂದು ಕಿವಿ ಇಲ್ಲ ಅಂತೀಯ, ಬೇರೆ ಹುಡುಗಿ ನೋಡೋಣ, ವಯಸ್ಸು ಮೀರಿಲ್ಲ’ ಅಂದಳು. ನನಗೆ ಅಳು ಬಂತು. ಅಕ್ಕನ ಮುಂದೆ ಅಳೋದು ಹೇಗೆ? ಮೇಲೆ ಎರಡು ಬಾಂಡ್ಲಿ ನಗು ಸುರಿದೆ. ಅದೇ ತಾನೆ ನನಗೆ ಬರೋ ಕಸುಬು?”

ಅವಳು ಬಾಗಿಲು ದಾಟಿ ಒಳಗೆ ಬಂದಳು.

“ಆ ಧಾರಾವಾಹೀಲಿ ನಗು ತೆಗೆದೂ ಕೇಳಿದೆ ಕಣೇ,” ಎಂದ ಅವನು. “ನಗುವಿನ ಕೆಳಗೆ ಒಂದು ಸುಳಿವಾದ್ರೂ ಸಿಗುತ್ತೇನೋ, ನಿನ್ನನ್ನ ಒಪ್ಪಿಸೋಣ ಅಂತ. ಏನೂ ಇಲ್ಲ. ಅವನು ಯಾವ ಅರ್ಥದಲ್ಲಿ ಹೇಳಿದನೋ, ಆ ದೇವರಿಗೇ ಗೊತ್ತು. ಆದರೆ ನಾನು ಯಾವ ಅರ್ಥದಲ್ಲಿ ಹೇಳಿದೆ ಅಂತ ನನಗೆ ಗೊತ್ತಲ್ಲ!”

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ಇನ್ನು ಬಚ್ಚಿಡಲು ಅವಳಲ್ಲಿ ಶಕ್ತಿ ಇರಲಿಲ್ಲ.

“ನಿಮಗೆ ಗೊತ್ತಿರೋದು ಅರ್ಧ. ಬಲಗಿವೀನೂ ಹೋಗ್ತಿದೆ. ಒಂದು ವರ್ಷ, ಎರಡು ವರ್ಷ. ಆಮೇಲೆ ನಿಮ್ಮ ವೈರು, ಬೆಸುಗೆ, ಯಾವುದೂ ಕೆಲಸಕ್ಕೆ ಬರಲ್ಲ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಕೈಯೆತ್ತಿ ತಡೆದಳು.

“ಬರಬೇಡಿ. ನೋಡಿ, ನಾಳೆ ನಾನು ಇರೋದು ಹೀಗೆ.” ಅವಳು ಬಲಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ಲೋಕ ಆರಿಹೋಯಿತು. ಅಜ್ಜನ ಪದ್ಯ ಕಳೆದುಹೋದ ಆ ಬೆಳಗಿನ ಹಾಗೆ, ಎಲ್ಲ ಕಡೆ ಬರೀ ತುಟಿ, ಬರೀ ಬೆಳಕು. ತನ್ನ ದನಿಯೇ ಎಲ್ಲೋ ತಲೆಯೊಳಗೆ ಗುಂಯ್‌ಗುಟ್ಟಿತು.

“ನನ್ನನ್ನ ಬಿಟ್ಬಿಡಿ... ಕೈ ಮುಗೀತೀನಿ, ಬಿಟ್ಬಿಡಿ.”

ಅವನು ಆ ಕೈಯನ್ನು ಸರಿಸಲಿಲ್ಲ. ಕಿವಿಯ ಬಳಿಗೆ ಬಾಗಲಿಲ್ಲ. ದೀಪದ ಕೆಳಗೆ ಬಂದು, ಅವಳಿಗೆ ಮುಖ ಪೂರ್ತಿ ಕಾಣುವಂತೆ ನಿಂತ. ಈ ಸಲ ನಗಲಿಲ್ಲ.

ಅವನ ತುಟಿಗಳು ಕೂಡಿದವು. ‘ಬಿ’... ಬಿಡ್ತೀನಿ ಎನ್ನುವುದೂ ಹೀಗೇ ಶುರುವಾಗುತ್ತದಲ್ಲ! ಅವಳು ಉಸಿರು ಹಿಡಿದಳು. ಆಮೇಲೆ ಅವನ ನಾಲಿಗೆ ಮೆಲ್ಲಗೆ ಮೇಲೆದ್ದು, ಹಲ್ಲಿನ ಹಿಂದೆ ಒತ್ತಿ ನಿಂತು, ಇಳಿಯಿತು.

“ಬಿಡಲ್ಲ.”